ಮುಲಾಮಿನ ಮರೆಯಲ್ಲಿ

"ಹೀಗೇ ಹೊರಟ್ರೆ ಬಸ್ಸಿನವನು ಹತ್ತಿಸ್ಕೊಳ್ಳಲ್ಲ, ಮೇಡಂ!"

ಮೆಟ್ಟಿಲ ಮೇಲೆ ಮಾರ್ಲೆನಿಯ ಕಾಲು ಗಕ್ಕನೆ ನಿಂತಿತು.

ಮುಖದ ತುಂಬ ಬೆಣ್ಣೆಯಂತೆ ಬಳಿದ ಬಿಳಿ ಮುಲಾಮು... ಅದರ ಮೇಲೆ ಉಳಿದ ತಿಂಡಿಗೆ ಸುತ್ತುವಂಥ ತೆಳು ಪ್ಲಾಸ್ಟಿಕ್ ಹಾಳೆ. ಕಣ್ಣು, ಮೂಗಿನ ತುದಿ, ಬಾಯಿ ಇಷ್ಟೇ ಹೊರಗೆ. ಇದೇ ಅವತಾರದಲ್ಲಿ, ಬ್ಯಾಗನ್ನು ಎದೆಗವಚಿಕೊಂಡು, ಆಕೆ ಆ ಚರ್ಮದ ಆಸ್ಪತ್ರೆಯಿಂದ ಓಡಿಹೋಗಲು ಹೊರಟಿದ್ದಳು!

ತಿರುಗಿ ನೋಡಿದಳು. ಮೆಟ್ಟಿಲ ತಿರುವಿನ ಕಿಟಕಿಯ ಬಳಿ ಒಬ್ಬ ಗಂಡಸು ನಿಂತಿದ್ದ. ಅವನ ಮುಖದ ಎಡಭಾಗಕ್ಕೂ ಕುತ್ತಿಗೆಗೂ ಅದೇ ಮುಲಾಮು, ಅದೇ ಪ್ಲಾಸ್ಟಿಕ್. ಬಲಭಾಗ ಮಾತ್ರ ಬರಿದಾಗಿತ್ತು. ನಲವತ್ತರ ಆಸುಪಾಸು, ಬಿಸಿಲಿಗೆ ಕಂದಿದ ಕೆನ್ನೆ, ನಗುವ ಕಣ್ಣು.

"ನಾನು ಹೋಗ್ಬೇಕು," ಎಂದಳು ಮಾರ್ಲೆನಿ. ತುಟಿ ಮರಗಟ್ಟಿತ್ತು. ಮಾತು "ಆಉ ಓಅಏಉ" ಎಂದು ಹೊರಬಂತು. ಅವಮಾನದಿಂದ ಕಣ್ಣು ತುಂಬಿತು.

ಅವನು ನಗಲಿಲ್ಲ.

"ಮೊದಲನೇ ಸಲನಾ?"

ಹೌದೆಂದು ತಲೆಯಾಡಿಸಿದಳು. "ಒಳಗೆ ಯಾರೋ ಕಿರುಚಿದ್ರು..."

"ಆ ಹುಡುಗಿನಾ? ಅದು ಸೂಜಿಗಲ್ಲ, ಮೇಡಂ. ಅವಳ ಹುಡುಗ ಫೋನಲ್ಲಿ ಬೇರೆ ಯಾರದೋ ಹೆಸರು ಹೇಳಿಬಿಟ್ಟನಂತೆ."

ಮಾರ್ಲೆನಿಗೆ ನಗು ಬಂತು. ಮುಲಾಮಿನೊಳಗೆ ನಗು ಎಲ್ಲಿಗೆ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ನನಗಿದು ಎರಡನೇ ಸಲ, ಒಟ್ಟು ಐದು ಅಂದಿದಾರೆ. ಕೇಳಿ, ಎಲ್ಲಾ ಹೇಳ್ತೀನಿ. ಪೆನ್ನಿನ ಥರ ಒಂದು ಯಂತ್ರ. ತುದೀಲಿ ಕೂದಲಿನಷ್ಟು ಸಣ್ಣ ಸೂಜಿಗಳು, ಗುಂಯ್ ಅಂತ ಶಬ್ದ ಮಾಡುತ್ತೆ. ಶಬ್ದಕ್ಕೇ ಹೆದರಿಕೆ, ಅಷ್ಟೇ. ಕೆನ್ನೆ ಮೇಲೆ ಬೆಕ್ಕು ನೆಕ್ಕಿದ ಹಾಗಿರುತ್ತೆ. ಮೂಳೆ ಇರೋ ಕಡೆ ಚುರುಕ್ ಅನ್ನುತ್ತೆ. ಮೂಗಿನ ಪಕ್ಕಕ್ಕೆ ಬಂದಾಗ ಸೀನು ಬರುತ್ತೆ... ಮೊದಲೇ ಹೇಳ್ಬಿಡಿ, ಇಲ್ದಿದ್ರೆ ಡಾಕ್ಟರಮ್ಮ ಬೈತಾರೆ."

"ರಕ್ತ?"

"ಸಣ್ಣ ಸಣ್ಣ ಚುಕ್ಕೆ. ಒರೆಸ್ತಾರೆ. ಬನ್ನಿ, ಕೂತ್ಕೊಳ್ಳಿ. ಚರ್ಮ ಪೂರ್ತಿ ಮರಗಟ್ಟೋಕೆ ಮುಕ್ಕಾಲು ಗಂಟೆ ಬೇಕು. ನಿಮಗಿನ್ನೂ ಅರ್ಧ ಗಂಟೆ ಇದೆ."

ಅವಳು ಬಂದು ಬೆಂಚಿನ ಮೇಲೆ ಕುಳಿತಳು. ಯಾಕೆ ಕುಳಿತೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದಳು. ಬಹುಶಃ, ಅವನು ಅವಳ ಮುಖವನ್ನು ನೋಡುತ್ತ ಮಾತಾಡಿದ್ದ ಅನ್ನುವುದಕ್ಕೆ!

ಮುಖವನ್ನಲ್ಲ... ಮುಲಾಮನ್ನು.

ಮಾರ್ಲೆನಿಗೆ ಮೂವತ್ತಾರು. ಹದಿನಾಲ್ಕನೇ ವಯಸ್ಸಿನಲ್ಲಿ ಬಂದ ಮೊಡವೆಗಳು ಹತ್ತು ವರ್ಷ ಬಿಡದೆ ಕಾಡಿ, ಹೋಗುವಾಗ ಎರಡೂ ಕೆನ್ನೆಗಳಲ್ಲಿ ಗುಳಿಗಳನ್ನು ಬಿಟ್ಟುಹೋಗಿದ್ದವು. ಶಾಲೆಯಲ್ಲಿ ಅವಳನ್ನು 'ಸುಟ್ಟ ಅರೆಪಾ' ಎನ್ನುತ್ತಿದ್ದರು, ಕೆಂಡದ ಮೇಲೆ ಚುಕ್ಕೆ ಚುಕ್ಕೆಯಾಗಿ ಕಪ್ಪಾಗುವ ಜೋಳದ ರೊಟ್ಟಿಯಂತೆ. ಚಿಕ್ಕಮ್ಮನ ಮಗಳ ಮದುವೆಯಲ್ಲಿ ಫೋಟೊ ತೆಗೆಯುವವನು, "ನೀವು ಸ್ವಲ್ಪ ಹಿಂದಿನ ಸಾಲಿಗೆ..." ಎಂದಿದ್ದ. ಅಂದಿನಿಂದ ಅವಳು ಯಾರೂ ಹೇಳದೆಯೇ ಹಿಂದಿನ ಸಾಲಿನಲ್ಲಿ ನಿಲ್ಲುವುದನ್ನು ಕಲಿತಳು.

"ಮಾರ್ಲೆನಿ, ಬಾ ಮಗಳೇ!" ಒಳಗಿಂದ ನರ್ಸ್ ಅಂಪಾರೊ ಕರೆದಳು.

ಕೋಣೆ ತಣ್ಣಗಿತ್ತು. ಡಾಕ್ಟರಮ್ಮ ಯಾವ ಮಾತಿಗೂ ಸಕ್ಕರೆ ಹಚ್ಚಲಿಲ್ಲ.

"ನೋಡಮ್ಮಾ, ಕಲೆ ಅಳಿಸಿಹೋಗಲ್ಲ, ಮಾಸುತ್ತೆ. ಸೂಜಿ ಚುಚ್ಚಿದ ಸಣ್ಣ ಗಾಯಗಳನ್ನ ಚರ್ಮ ತಾನೇ ತುಂಬ್ಕೊಳ್ಳುತ್ತೆ. ತುಂಬ್ಕೊಳ್ಳೋವಾಗ ಹಳೇ ಗುಳಿನೂ ಅಷ್ಟಿಷ್ಟು ಮೇಲಕ್ಕೆ ಬರುತ್ತೆ. ತಿಂಗಳಿಗೊಂದು ಸಲ, ಒಟ್ಟು ನಾಲ್ಕು. ಪೂರ್ತಿ ಫಲ ಕಾಣೋಕೆ ಆಮೇಲೂ ಆರು ತಿಂಗಳು ಕಾಯ್ಬೇಕು. ಅವಸರ ಇರೋರಿಗೆ ಇದು ಅಲ್ಲ."

ನನಗೆಂಥ ಅವಸರ? ಯಾರು ಕಾಯ್ತಿದ್ದಾರೆ? ಎಂದುಕೊಂಡಳು ಮಾರ್ಲೆನಿ.

ಅಂಪಾರೊ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮುಲಾಮನ್ನು ಒರೆಸತೊಡಗಿದಳು. ಹಣೆ... ಕೆನ್ನೆ... ಗಲ್ಲ... ಇನ್ನೊಂದು ಕೈಯಿಂದ ಅವಳ ತಲೆಯನ್ನು ಹಗುರವಾಗಿ ಹಿಡಿದಿದ್ದಳು.

ಅಷ್ಟೇ! ಇನ್ನೂ ಯಂತ್ರ ಶುರುವಾಗಿರಲಿಲ್ಲ. ಮಾರ್ಲೆನಿಯ ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹರಿಯಿತು.

"ಅಯ್ಯೋ, ನೋವಾಯ್ತಾ ಮಗಳೇ? ಸೂಜಿ ಇನ್ನೂ ತಾಗೇ ಇಲ್ವಲ್ಲ!"

"ಇಲ್ಲ ಅಕ್ಕಾ... ಮುಲಾಮು ಕಣ್ಣಿಗೆ ಹೋಯ್ತು."

ಸುಳ್ಳು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಹಾಸಿಗೆ ಹಿಡಿದ ಅಮ್ಮ ದಿನಾ ಅವಳ ಕೆನ್ನೆ ಸವರಿ, "ನನ್ನ ಬಂಗಾರ" ಎನ್ನುತ್ತಿದ್ದಳು. ಆ ಕೈಯ ನಂತರ ಯಾರೂ, ಒಬ್ಬರೂ, ಅವಳ ಮುಖ ಮುಟ್ಟಿರಲಿಲ್ಲ. ಇವತ್ತು ರಬ್ಬರ್ ಕೈಗವಸು ತೊಟ್ಟ ಒಂದು ಕೈ ಮುಟ್ಟಿತ್ತು.

ಆಮೇಲೆ ಯಂತ್ರ ಗುಂಯ್‌ಗುಟ್ಟಿತು. ಅವನು ಹೇಳಿದ್ದೆಲ್ಲ ನಿಜವಾಗಿತ್ತು. ಕೆನ್ನೆಯ ಮೇಲೆ ಬೆಕ್ಕು ನೆಕ್ಕಿದಂತೆ, ಹಣೆಯಲ್ಲಿ ಚುರುಕ್. ಮೂಗಿನ ಪಕ್ಕಕ್ಕೆ ಬಂದಾಗ "ಸೀನು!" ಎಂದು ಕೂಗಿ ಡಾಕ್ಟರಮ್ಮನನ್ನೇ ಬೆಚ್ಚಿಬೀಳಿಸಿದಳು.

"ಇವತ್ತು ಮುಖ ಬಿಸಿಲಲ್ಲಿ ಬೆಂದ ಹಾಗೆ ಉರಿಯುತ್ತೆ," ಎಂದಳು ಅಂಪಾರೊ ತಂಪು ಹಾಳೆ ಹೊದಿಸುತ್ತ. "ನಾಳೆ ಸ್ವಲ್ಪ ಊತ. ಮೂರನೇ ದಿನ ಒರಟಾಗಿ ಸಿಪ್ಪೆ ಏಳುತ್ತೆ, ಕೀಳಬೇಡ. ಬಿಸಿಲಿಗೆ ಹೋಗ್ಬೇಡ. ಬಣ್ಣ, ಪೌಡರ್ ಏನೂ ಬೇಡ. ಇಪ್ಪತ್ನಾಲ್ಕು ಗಂಟೆ ಯಾರಿಗೂ ಮುಖ ಮುಟ್ಟೋಕೆ ಬಿಡಬೇಡ."

"ಅದಕ್ಕೇನು ತೊಂದರೆ ಇಲ್ಲ ಅಕ್ಕಾ," ಎಂದಳು ಮಾರ್ಲೆನಿ.

ಹೊರಬಂದಾಗ ಬೆಂಚು ಖಾಲಿ. ಅವನು ಪಕ್ಕದ ಕೋಣೆಯಲ್ಲಿ ತನ್ನ ಸರದಿ ಮುಗಿಸಿ ಹೋಗಿಬಿಟ್ಟಿದ್ದ.

ಕೆಂಪು ಮುಖಕ್ಕೆ ಶಾಲು ಸುತ್ತಿಕೊಂಡು, ಆಸ್ಪತ್ರೆಯಿದ್ದ ಮನಿಸಾಲೆಸ್ ನಗರದಿಂದ ತೂಗುಗಾಡಿ ಹತ್ತಿದಳು. ಗಾಜಿನ ಡಬ್ಬಿ ತಂತಿಯ ಮೇಲೆ ತೇಲುತ್ತ, ಕಣಿವೆ ದಾಟಿ ಅವಳನ್ನು ಅವಳ ಊರಾದ ವಿಲ್ಯಾಮರೀಯಾದಲ್ಲಿ ಇಳಿಸಿತು. ಅಲ್ಲಿ ಚರ್ಚಿನ ಹಿಂದಿನ ಬೀದಿಯಲ್ಲಿ ಅವಳ ಹೊಲಿಗೆ ಅಂಗಡಿ, ಅದರ ಹಿಂದೆಯೇ ಮನೆ. ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸುವ ಹುಡುಗಿಯರ ಬಿಳಿ ಉಡುಪು ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ.

ಗಿರಾಕಿಗಳು ಕೇಳಿದರೆ ಹೇಳಲು ಒಂದು ಸುಳ್ಳು ಸಿದ್ಧಮಾಡಿಕೊಂಡಿದ್ದಳು. 'ಬಿಸಿನೀರಿನ ಬುಗ್ಗೆಗೆ ಹೋಗಿದ್ದೆ, ಬಿಸಿಲು ಬಡಿದುಬಿಡ್ತು.' ನಾಲ್ಕು ದಿನ ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು ಒಳಗೇ ಹೊಲಿದಳು. ಮೂರನೇ ದಿನ ಕೆನ್ನೆ ಮರಳು ಕಾಗದದಂತಾಯಿತು. ನಾಲ್ಕನೇ ದಿನ ಸಿಪ್ಪೆ ಉದುರಿತು.

ಆ ಸುಳ್ಳು ಖರ್ಚಾಗಲೇ ಇಲ್ಲ.

ಯಾರೂ ಕೇಳಲಿಲ್ಲ. ಬಾಗಿಲು ಯಾಕೆ ಅರ್ಧ ಮುಚ್ಚಿದೆ ಎಂದೂ ಯಾರೂ ಕೇಳಲಿಲ್ಲ. ಒಂದು ಬಟ್ಟಲು ಸಾರು, ಒಂದು ಲೋಟ ಬೆಲ್ಲದ ನೀರು, ರೇಡಿಯೊ. 'ನಾನು ಇಲ್ಲದೇ ಹೋದರೆ ಎಷ್ಟು ದಿನಕ್ಕೆ ಗೊತ್ತಾಗಬಹುದು?' ಆ ಯೋಚನೆ ಬಂದಾಗ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿದಳು. ಆ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಮುಂದಿನ ತಿಂಗಳು ಅವಳು ತನಗೆ ಕೊಟ್ಟ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋದಳು. ಅವನು ಬರುವ ಮೊದಲೇ ಮುಖಕ್ಕೆ ಮುಲಾಮು ಬಳಿಸಿಕೊಂಡುಬಿಡಬೇಕು! ಬಳಿಸಿಕೊಂಡು ಹೊರಬಂದರೆ... ಅವನಾಗಲೇ ಬೆಂಚಿನ ಮೇಲಿದ್ದ, ಮುಲಾಮಿನೊಂದಿಗೆ.

"ಓ! ಓಡಿಹೋಗೋ ಮೇಡಂ!"

"ಓಡಿಹೋಗ್ಲಿಲ್ಲವಲ್ಲ."

"ಹೆಸರೇನು ಅಂತಾನೂ ಹೇಳ್ಲಿಲ್ಲ."

"ಮಾರ್ಲೆನಿ."

"ಲಿಬಾರ್ದೊ. ಬೆಟ್ಟ ಕಾಯೋ ಕೆಲಸ."

ಅವನು ರೂಯಿಸ್ ಜ್ವಾಲಾಮುಖಿಯ ಮೇಲಿರುವ ಅಳತೆಯ ಯಂತ್ರಗಳನ್ನು ನೋಡಿಕೊಳ್ಳುವವನು. ನೆಲ ನಡುಗಿದರೆ ಗುರುತಿಸುವ ಪೆಟ್ಟಿಗೆಗಳು. ಅವುಗಳ ಬ್ಯಾಟರಿ ಬದಲಿಸಬೇಕು, ಮೇಲೆ ಬಿದ್ದ ಹಿಮ, ಬೂದಿ ಕೆರೆಯಬೇಕು. ಒಂದೊಂದು ಸಲ ಹತ್ತು ದಿನ ಮೇಲೆಯೇ ಇರಬೇಕು.

"ಒಬ್ರೇನಾ? ಬೇಜಾರಾಗಲ್ವಾ?"

"ಅಲ್ಲಿ ಆಗಲ್ಲ. ಅಲ್ಲಿ ಯಾರೂ ಇಲ್ಲ, ಹಾಗಾಗಿ ಯಾರೂ ಇಲ್ಲ ಅನ್ನೋದು ಗೊತ್ತಾಗಲ್ಲ." ಅವನು ಕಿಟಕಿಯಾಚೆ ನೋಡಿದ. "ಊರಿಗೆ ಇಳಿದಾಗ ಆಗುತ್ತೆ. ಭಾನುವಾರ ಎಲ್ಲಾ ಮನೆಯಿಂದ್ಲೂ ಅಡುಗೆ ವಾಸನೆ ಬರುತ್ತಲ್ಲಾ... ಆಗ."

ಮಾರ್ಲೆನಿ ಬೆರಳುಗಳನ್ನು ಹೆಣೆದುಕೊಂಡಳು. ತನ್ನೊಳಗಿದ್ದದ್ದನ್ನು ಇವನು ಯಾವಾಗ ಓದಿದ?

"ಎಡಗೆನ್ನೆಗೆ ಏನಾಗಿದ್ದು?" ಎಂದಳು.

"ಡಿಸೆಂಬರಿನ ದೀಪದ ಹಬ್ಬದಲ್ಲಿ ಪಟಾಕಿ. ಹತ್ತೊಂಬತ್ತು ವರ್ಷ ಆಗ. ಪಕ್ಕದ ಮನೆ ಹುಡುಗಿಗೆ ಧೈರ್ಯ ತೋರ್ಸೋಕೆ ಹೋದೆ. ಅವಳು ಆಸ್ಪತ್ರೆಗೆ ಒಂದೇ ಸಲ ಬಂದ್ಲು, ನೋಡಿದ್ಲು, ಹೋದ್ಲು." ಭುಜ ಕುಣಿಸಿದ. "ಇಪ್ಪತ್ತು ವರ್ಷ ಆಯ್ತು. ಅಕ್ಕ ಬಲವಂತ ಮಾಡಿ ಇಲ್ಲಿಗೆ ಕಳ್ಸಿದ್ದು. ನಿಮ್ಮದು?"

"ಮೊಡವೆ. ಯಾರಿಗೂ ಧೈರ್ಯ ತೋರ್ಸೋಕೆ ಹೋಗಿದ್ದಲ್ಲ."

ಅವನು ನಕ್ಕ. ಮುಲಾಮು ಬಿರುಕುಬಿಟ್ಟಿತು. ಒಳಗಿಂದ ಅಂಪಾರೊ, "ರೀ! ಮುಖ ಅಲ್ಲಾಡಿಸ್ಬೇಡ್ರಿ!" ಎಂದು ಗದರಿದಳು. ಇಬ್ಬರೂ ಶಾಲೆಯ ಮಕ್ಕಳಂತೆ ನೆಟ್ಟಗೆ ಕುಳಿತರು.

ಮೂರನೇ ತಿಂಗಳು ಅವಳು ಒಂದು ಗಂಟೆ ಮುಂಚೆ ಹೋದಳು. ಅವನೂ! ಅಂಪಾರೊಳ ಹುಬ್ಬು ಮೇಲೇರಿತು. "ಈ ಆಸ್ಪತ್ರೆಗೆ ಜನ ತಡವಾಗಿ ಬರ್ತಾರೆ. ನೀವಿಬ್ರು ಮಾತ್ರ ಬೆಳಿಗ್ಗೆ ಹಾಲಿನವನ ಜೊತೆ ಬರ್ತೀರಲ್ಲಾ!"

ಆ ದಿನ ಮುಲಾಮು ಬಳಿಸಿಕೊಂಡು ಬೆಂಚಿಗೆ ಬಂದ ಮೇಲೆ ಅವನು ಟೋಪಿಯ ಅಂಚನ್ನು ತಿರುಗಿಸುತ್ತಲೇ ಕುಳಿತಿದ್ದ. ಕರೆ ಬಂದಾಗ ಎದ್ದು, ಎರಡು ಹೆಜ್ಜೆ ಹೋಗಿ, ತಿರುಗಿದ.

"ಮುಂದಿನ ತಿಂಗಳು ಕೊನೇದು ಮುಗಿದ ಮೇಲೆ... ಒಂದು ಲೋಟ ಬಿಸಿ ಚಾಕೊಲೇಟ್ ಕುಡಿಯೋಣ್ವಾ? ಹೊರಗೆಲ್ಲಾದ್ರೂ? ಮುಲಾಮಿಲ್ದೆ?"

"ಕುಡಿಯೋಣ," ಎಂದಿತು ಅವಳ ಬಾಯಿ.

ಅವಳ ಎದೆ ಮಾತ್ರ ಧಸಕ್ಕೆಂದಿತು. ಮುಲಾಮಿಲ್ದೆ!

ಮನೆಗೆ ಹೋಗಿ, ಕೆಂಪು ಇಳಿದ ಮೇಲೆ, ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿಕೊಂಡಳು. ಗುಳಿಗಳ ಅಂಚು ಮೆತ್ತಗಾಗಿತ್ತು, ನಿಜ. ಆದರೆ ಗುಳಿಗಳಿದ್ದವು. 'ಅವನು ಇಷ್ಟಪಟ್ಟದ್ದು ಒಂದು ಬಿಳಿ ಮುಲಾಮಿನ ಮುಖವನ್ನ. ಇದನ್ನಲ್ಲ...'

ಎರಡು ವಾರ ಕಳೆದು, ಒಂದು ಶನಿವಾರ ಬೆಳಿಗ್ಗೆ.

"ಒಳಗೆ ಯಾರಾದ್ರೂ ಇದೀರಾ? ಅಕ್ಕನ ಮೊಮ್ಮಗಳ ಬಿಳಿ ಉಡುಪಿಗೆ ಅಳತೆ ಕೊಡ್ಬೇಕಿತ್ತು."

ಆ ದನಿ! ಮಾರ್ಲೆನಿಯ ಕೈಯಲ್ಲಿದ್ದ ಅಳತೆಪಟ್ಟಿ ಜಾರಿತು.

ಬಾಗಿಲಲ್ಲಿ ಲಿಬಾರ್ದೊ ನಿಂತಿದ್ದ, ಒಂಬತ್ತು ವರ್ಷದ ಹುಡುಗಿಯ ಕೈಹಿಡಿದು. ಬೀದಿಯ ಬಿಸಿಲು ನೇರವಾಗಿ ಅವನ ಮೇಲೆ ಬಿದ್ದಿತ್ತು. ಮೊದಲ ಸಲ ಅವನ ಎಡಗೆನ್ನೆ ಕಂಡಿತು. ಕಣ್ಣಂಚಿನಿಂದ ಕುತ್ತಿಗೆಯವರೆಗೆ ಹೊಳೆಯುವ, ಸುಕ್ಕುಗಟ್ಟಿದ ಚರ್ಮ. ಅವಳಿಗೆ ಅದನ್ನು ನೋಡಲು ಪುರುಸೊತ್ತೇ ಇರಲಿಲ್ಲ! ಅವಳ ಜೀವವೆಲ್ಲ ಒಂದೇ ಪ್ರಶ್ನೆಯಾಗಿತ್ತು: ನನ್ನನ್ನ ನೋಡ್ತಿದ್ದಾನಾ? ನನ್ನ ಕೆನ್ನೆ ನೋಡ್ತಿದ್ದಾನಾ?

ನೋಡಿದ.

ಒಂದೇ ಕ್ಷಣ. ಆಮೇಲೆ ಅವನ ಮುಖ ಪಕ್ಕಕ್ಕೆ ಹೊರಳಿತು.

ಮಾರ್ಲೆನಿ ಬಾಗಿ ಅಳತೆಪಟ್ಟಿ ಎತ್ತಿಕೊಂಡಳು. ಹೇಳು, 'ನಾನು ಮಾರ್ಲೆನಿ' ಅಂತ ಹೇಳು! ನಾಲಿಗೆ ಮುಲಾಮಿಲ್ಲದೆಯೇ ಮರಗಟ್ಟಿತ್ತು.

"ಬಾ ಪುಟ್ಟಾ. ಹೆಸರೇನು?"

"ಸಾರಾಯ್."

"ಕೈ ಮೇಲೆತ್ತು, ಸಾರಾಯ್."

ಅವಳ ದನಿ ಕೇಳಿದ್ದೇ ಅವನ ಹೆಗಲು ಬಿಗಿಯಾಯಿತು. ಗುರುತು ಸಿಕ್ಕಿತು, ಖಂಡಿತ ಸಿಕ್ಕಿತು! ಅವನು ಹೊರಗೆ ಹೋಗಿ, ಬೀದಿಗೆ ಮುಖಮಾಡಿ ನಿಂತುಬಿಟ್ಟ. ಮಾರ್ಲೆನಿ ಮಗುವಿನ ಎದೆ, ಸೊಂಟ, ತೋಳು ಅಳೆದಳು. ಬರೆದುಕೊಂಡ ಅಂಕಿಗಳು ನೀರಿನಲ್ಲಿ ತೇಲಾಡಿದವು.

"ಎರಡು ವಾರ ಬಿಟ್ಟು ಬನ್ನಿ," ಎಂದಳು ಅವನ ಬೆನ್ನಿಗೆ.

"ಆಯ್ತು," ಎಂದಿತು ಬೆನ್ನು.

ಅವರು ಹೋದ ಮೇಲೆ ಬಾಗಿಲು ಹಾಕಿ, ಬಟ್ಟೆಯ ರಾಶಿಯ ಮೇಲೆ ಕುಳಿತಳು. ಅಳು ಬರಲಿಲ್ಲ. 'ನೋಡಿದ. ಹೊರಗೆ ಹೋದ. ಇಷ್ಟೇ ತಾನೇ ಯಾವಾಗ್ಲೂ ಆಗೋದು? ಫೋಟೊದವನು ಬಾಯಿಬಿಟ್ಟು ಹೇಳಿದ್ದ, ಇವನು ಹೇಳ್ಲಿಲ್ಲ. ಒಳ್ಳೆಯವನು... ಪಾಪ.'

ಕೊನೆಯ ಸರದಿಗೆ ಹೋಗುವುದೇ ಬೇಡ ಎಂದುಕೊಂಡಳು. ಆದರೂ ಆ ಬೆಳಿಗ್ಗೆ ಎದ್ದು ತೂಗುಗಾಡಿ ಹತ್ತಿದಳು. ಅವನಿಗಾಗಿ ಅಲ್ಲ... ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಕಣಿವೆಯ ಆಚೆ ರೂಯಿಸ್ ಬೂದುಬಣ್ಣದ ಹೊಗೆ ಉಗುಳುತ್ತಿತ್ತು. ಬೆಟ್ಟ ಕೆರಳಿದೆ, ಎಚ್ಚರಿಕೆ ಒಂದು ಹಂತ ಏರಿದೆ ಎಂದು ಒಂದು ವಾರದಿಂದ ರೇಡಿಯೊ ಹೇಳುತ್ತಲೇ ಇತ್ತು. ಕಾರುಗಳ ಮೇಲೆ, ಎಲೆಗಳ ಮೇಲೆ ತೆಳ್ಳಗೆ ಬೂದಿ.

ಬೆಂಚು ಖಾಲಿಯಿತ್ತು.

ಮುಕ್ಕಾಲು ಗಂಟೆ. ಪ್ಲಾಸ್ಟಿಕ್ಕಿನ ಹಿಂದೆ ಉಸಿರು ಬಿಸಿಯಾಗುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಕತ್ತು ತಾನಾಗಿ ತಿರುಗಿತು. ಔಷಧಿ ತರುವವನು. ಒಬ್ಬ ಮುದುಕಿ. ಆ ಫೋನಿನ ಹುಡುಗಿ.

"ಅವ್ರು ಬರಲ್ಲ ಮಗಳೇ," ಎಂದಳು ಅಂಪಾರೊ ಮೆಲ್ಲಗೆ. "ರದ್ದು ಮಾಡಿದ್ರು. ಬೆಟ್ಟದ ಕೆಲಸ ಅಂದ್ರು."

"ನಾನೇನು ಕೇಳ್ಲಿಲ್ವಲ್ಲ ಅಕ್ಕಾ."

"ಹೌದು. ನೀನೇನೂ ಕೇಳ್ಲಿಲ್ಲ."

ಈ ಸಲ ಬಟ್ಟೆ ಮುಖ ಒರೆಸುವಾಗ ಅವಳಿಗೆ ಕಣ್ಣೀರು ಬರಲಿಲ್ಲ. ಸೀನೂ ಬರಲಿಲ್ಲ.

ಮೂರನೇ ದಿನ, ಮುಖದ ತುಂಬ ಸಿಪ್ಪೆ ಏಳುತ್ತಿದ್ದಾಗ, ಯಾರೋ ಅಂಗಡಿಯ ಬಾಗಿಲನ್ನು ದಬದಬ ಬಡಿದರು. ತೆರೆದರೆ ಐವತ್ತರ ದಪ್ಪ ಹೆಂಗಸು, ಏದುಸಿರು ಬಿಡುತ್ತ.

"ಸಾರಾಯ್ ಬಟ್ಟೆ ತಗೊಂಡು ಹೋಗೋಕೆ ಬಂದೆ. ನಾನು ಅವಳ ಅಜ್ಜಿ, ಲುಸ್ ದಾರಿ. ಏನು ಏರಪ್ಪಾ ಈ ಬೀದಿ!" ಎಂದವಳು ಮಾರ್ಲೆನಿಯ ಮುಖ ನೋಡಿ ಕಣ್ಣರಳಿಸಿದಳು. "ನಿಮಗೂ ಸೂಜಿ ಹಾಕಿದಾರಾ? ನನ್ನ ತಮ್ಮನಿಗೂ ಹೀಗೇ ಆಗಿತ್ತು! ಮೂರನೇ ದಿನ ಬೇಯಿಸಿದ ಆಲೂಗಡ್ಡೆ ಥರ ಸಿಪ್ಪೆ..." ತಟ್ಟನೆ ನಿಲ್ಲಿಸಿದಳು. "ತಾಳಿ. ಇಲ್ಲಿ ಹೊಲಿಯೋ ಆ ಮಾರ್ಲೆನಿ ನೀವೇ ತಾನೇ?"

ಮಾರ್ಲೆನಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಮೂರು ತಿಂಗಳಿಂದ ಬರೀ ಮಾರ್ಲೆನಿ, ಮಾರ್ಲೆನಿ! ಮಾರ್ಲೆನಿ ಹಾಗಂದ್ಲು, ಮಾರ್ಲೆನಿ ನಕ್ಕಳು. ಇಲ್ಲಿಂದ ವಾಪಸ್ ಬಂದ ದಿನ ಮಾತ್ರ ಬಾಯಿಗೆ ಬೀಗ. ಎಷ್ಟೋ ಕೇಳಿದ ಮೇಲೆ ಹೇಳ್ದ, 'ಅಕ್ಕಾ, ಅವಳಿಗೆ ನನ್ನ ಗುರುತು ಸಿಕ್ತು. ಬಿಸಿಲಲ್ಲಿ ನನ್ನ ಕೆನ್ನೆ ಕಂಡ ಕೂಡ್ಲೇ ಅವಳ ಕೈಯಿಂದ ಟೇಪು ಬಿದ್ದುಹೋಯ್ತು. ಆಮೇಲೆ ಮಗುನ ಬಿಟ್ಟು ನನ್ನ ಕಡೆ ತಿರುಗ್ಲಿಲ್ಲ' ಅಂತ."

"ಅಯ್ಯೋ ದೇವರೇ..."

"ಆಮೇಲೇನು! ಆಸ್ಪತ್ರೆ ಬೇಡ ಅಂದ. ಬೆಟ್ಟ ಹೊಗೆಯಾಡ್ತಿದೆ, ಹೆಂಡತಿ ಮಕ್ಕಳು ಇರೋರು ಮೇಲೆ ಹೋಗೋಕೆ ಹಿಂದೆಮುಂದೆ ನೋಡ್ತಿದ್ರು. ಇವನು ಹೋಗಿ, 'ನನ್ನ ಕಳ್ಸಿ, ನನಗೆ ಕಾಯೋರು ಯಾರೂ ಇಲ್ಲ' ಅಂದನಂತೆ! ನಾನು ಅಕ್ಕ ಬದುಕಿಲ್ವಾ? ಒಂಬತ್ತು ದಿನ ಆಯ್ತು. ನಾನು ಕಣ್ಣು ಮುಚ್ಚಿಲ್ಲ ಕಣಮ್ಮ."

ಮಾರ್ಲೆನಿಯ ಕಿವಿಯಲ್ಲಿ ಒಂದೇ ಮಾತು ಗುಂಯ್‌ಗುಟ್ಟಿತು. ಕಾಯೋರು ಯಾರೂ ಇಲ್ಲ.

"ಯಾವಾಗ ಇಳೀತಾರೆ?"

"ಇವತ್ತೇ. ಮಧ್ಯಾಹ್ನ ಮನಿಸಾಲೆಸ್‌ನ ಲಾ ಎನೇಯಾದ ಪೆಟ್ರೋಲ್ ಬಂಕ್ ಹತ್ರ ಜೀಪು ಬಿಡುತ್ತಂತೆ. ನಾನು ಹೋಗ್ಬೇಕು ಅಂತಿದ್ದೆ, ಆದ್ರೆ ಈ ಮೊಣಕಾಲು..." ಲುಸ್ ದಾರಿ ಅವಳನ್ನೇ ದಿಟ್ಟಿಸಿದಳು. ಆಮೇಲೆ ಸ್ಟೂಲಿನ ಮೇಲೆ ಧೊಪ್ಪನೆ ಕುಳಿತಳು. "ಅಂಗಡಿ ನಾನು ನೋಡ್ಕೋತೀನಿ. ಓಡು!"

ಮಾರ್ಲೆನಿ ಓಡಿದಳು. ಶಾಲಿಲ್ಲ, ಟೋಪಿಯಿಲ್ಲ. ತೂಗುಗಾಡಿಯಲ್ಲಿ ಎದುರಿಗೆ ಕುಳಿತ ಮಗು ಅವಳ ಮುಖವನ್ನೇ ನೋಡಿತು. ನೋಡಲಿ! ಬಸ್ಸಿನಲ್ಲಿ ಇಬ್ಬರು ಹುಡುಗಿಯರು ಪಿಸುಗುಟ್ಟಿದರು. ಪಿಸುಗುಟ್ಟಲಿ!

ಜೀಪು ಬಂದಾಗ ಒಂದೂವರೆ ಗಂಟೆ. ಅದರ ಬಣ್ಣವೇ ತಿಳಿಯುತ್ತಿರಲಿಲ್ಲ, ಅಷ್ಟು ಬೂದಿ. ಇಬ್ಬರು ಇಳಿದರು. ಎರಡನೆಯವನು ಚೀಲ ಹೆಗಲಿಗೇರಿಸಿ, ತಲೆ ತಗ್ಗಿಸಿ ನಡೆಯತೊಡಗಿದ. ರೆಪ್ಪೆಯ ಕೂದಲೂ ಬೂದುಬಣ್ಣ.

"ಲಿಬಾರ್ದೊ!"

ಅವನು ತಲೆಯೆತ್ತಿದ. ಕಂಡ. ಆ ಕೂಡಲೇ ಎಡಗೆನ್ನೆ ಆಚೆ ಹೊರಳಿತು.

"ತಿರುಗ್ಬೇಡಿ," ಎಂದಳು ಮಾರ್ಲೆನಿ. "ದಯವಿಟ್ಟು... ಆ ಕಡೆ ತಿರುಗ್ಬೇಡಿ. ಅವತ್ತೂ ಹೀಗೇ ತಿರುಗಿದ್ರಿ. ನನ್ನ ಮುಖ ನೋಡೋಕಾಗದೆ ತಿರುಗಿದ್ರಿ ಅಂದ್ಕೊಂಡೆ."

"ನಿಮ್ಮ ಮುಖನಾ?" ಅವನು ಬೆಪ್ಪಾದ. "ನಿಮ್ಮ ಮುಖಕ್ಕೇನಾಗಿದೆ?"

"ಏನಾಗಿದೆ ಅಂತ ಕೇಳ್ತೀರಲ್ಲಾ! ನೋಡಿ, ಸರಿಯಾಗಿ ನೋಡಿ!"

ನೋಡಿದ. ಈ ಸಲ ಒಂದು ಕ್ಷಣವಲ್ಲ. ಲಾರಿಯೊಂದು ಪೆಟ್ರೋಲ್ ಹಾಕಿಸಿಕೊಂಡು ಹೊರಟುಹೋಯಿತು. ಅವನು ನೋಡುತ್ತಲೇ ಇದ್ದ. ಅವಳು ಕಣ್ಣು ತಗ್ಗಿಸಲಿಲ್ಲ. ತಗ್ಗಿಸದೇ ಇರುವುದು ಸೂಜಿಗಿಂತ ಕಷ್ಟವಾಗಿತ್ತು.

"ಸಿಪ್ಪೆ ಏಳ್ತಿದೆ," ಎಂದ ಕೊನೆಗೆ. ತಕ್ಷಣ ಅವನಿಗೆ ಏನೋ ಹೊಳೆದಂತಾಯಿತು. "ಮೂರನೇ ದಿನಾನಾ ಇವತ್ತು? ಮೂರನೇ ದಿನ ಈ ಬಿಸಿಲಲ್ಲಿ, ಈ ಬೂದೀಲಿ, ಬರೀ ತಲೇಲಿ ಬಂದಿದೀರಾ? ನಿಮಗೆ ಬುದ್ಧಿ ಇದೆಯಾ? ಅಂಪಾರೊ ಕೊಂದೇಬಿಡ್ತಾರೆ!"

ತನ್ನ ಅಗಲ ಅಂಚಿನ ಟೋಪಿ ತೆಗೆದು, ತೊಡೆಗೆ ಬಡಿದು ಬೂದಿ ಕೊಡವಿ, ಅವಳ ತಲೆಗಿಟ್ಟ. ಅದು ಕಣ್ಣಿನವರೆಗೆ ಇಳಿಯಿತು. ಅವಳು ಅದರ ಕೆಳಗೆ ಅಳುತ್ತ ನಗತೊಡಗಿದಳು.

"ಟೇಪು ಬಿದ್ದಿದ್ದು ನಿಮ್ಮ ದನಿ ಕೇಳಿ," ಎಂದಳು. "ನೀವು ಬಂದ್ರಲ್ಲಾ ಅಂತ. ಕೆನ್ನೆ ನೋಡಿ ಅಲ್ಲ. ನಿಮ್ಮ ಕೆನ್ನೆ ಹೇಗಿದೆ ಅಂತ ಈಗ್ಲೂ ನಾನು ಸರಿಯಾಗಿ ನೋಡಿಲ್ಲ. ನಾನು ನನ್ನದೇ ಚಿಂತೇಲಿದ್ದೆ."

"ನಾನೂ ನನ್ನದೇ ಚಿಂತೇಲಿದ್ದೆ." ಅವನು ಚೀಲವನ್ನು ಕೆಳಗಿಟ್ಟ. "ಒಂಬತ್ತು ದಿನ... ಮೇಲೆ ನೆಲ ಗುಡುಗುಡು ಅಂತಿತ್ತು. ನಾನು ಯೋಚಿಸ್ತಿದ್ದಿದ್ದು ಒಂದೇ. ಒಂದ್ಮಾತು ಕೇಳ್ಬಿಡ್ಬೇಕಿತ್ತು, ಮಾತಾಡ್ಸಿಬಿಡ್ಬೇಕಿತ್ತು ಅಂತ. ನಿಮ್ಮನ್ನ ಬಿಟ್ಟು ಬಂದೆನಲ್ಲಾ ಅಂತ ಅನ್ನಿಸ್ತಿತ್ತು. ಬಿಟ್ಟು ಬರೋಕೆ ನೀವು ನನಗೇನೂ ಆಗಿರ್ಲಿಲ್ಲ. ಆದ್ರೂ ಅನ್ನಿಸ್ತು."

ಮಾರ್ಲೆನಿ ಟೋಪಿಯ ಅಂಚನ್ನು ಮೇಲೆತ್ತಿ ಅವನನ್ನು ನೋಡಿದಳು. ಎಡಗೆನ್ನೆ, ಬಲಗೆನ್ನೆ, ನಡುವೆ ಒಂಬತ್ತು ದಿನದ ಗಡ್ಡ.

"ಇನ್ನೊಂದ್ಸಲ ಯಾರ ಹತ್ರಾನೂ ಹಾಗೆ ಹೇಳ್ಬೇಡಿ," ಎಂದಳು. "ಕಾಯೋರಿಲ್ಲ ಅಂತ. ಹನ್ನೆರಡು ಗಂಟೆಯಿಂದ ಇಲ್ಲಿ ನಿಂತಿದೀನಿ."

ಅವನು ತೋಳಿನಿಂದ ರೆಪ್ಪೆಯ ಬೂದಿ ಒರೆಸಿಕೊಂಡ.

"ನಾಳೆ ಭಾನುವಾರ," ಎಂದ.

"ಹೌದು."

"ನೀವೇನ್ ಮಾಡ್ತೀರ, ಭಾನುವಾರ?"

"ಹುರುಳಿ ಬೇಯಿಸ್ತೀನಿ. ಒಂದು ಹಿಡಿ. ಒಬ್ಬಳಿಗೆ ಅಂತ ಅಳೆದು ಅಳೆದು ಬೇಯಿಸಿ ಸಾಕಾಗಿಹೋಗಿದೆ."

"ನಾನು ತುಂಬಾ ತಿಂತೀನಿ, ಮಾರ್ಲೆನಿ. ಅಕ್ಕ ಬೈತಾಳೆ."

"ಬೆಟ್ಟದಿಂದ ಇಳಿದೋರು ತಿನ್ನದೆ ಇನ್ನೇನು?"

ಅವನು ಅವಳ ಕಡೆಗೆ ಪೂರ್ತಿ ತಿರುಗಿದ, ಮುಖದ ಎರಡೂ ಭಾಗ ಬಿಸಿಲಿಗೆ ಒಡ್ಡಿ.

"ಹಾಗಾದ್ರೆ ಇವತ್ತೇ ನೆನೆಹಾಕು," ಎಂದ, ಮೊದಲ ಸಲ ಏಕವಚನದಲ್ಲಿ. "ನಾಲ್ಕು ಹಿಡಿ."

"ಐದು ಹಾಕ್ತೀನಿ," ಎಂದಳು ಮಾರ್ಲೆನಿ. "ನೀನು ಬೇಗ ಬಾ."